ಎಲೆಮರೆಯ ಕಾಯಿ ಅಂತೀರಿ, ಎಲೆ ಯಾರದು?

2023ರ ಆಗಸ್ಟ್ 8ರಂದು ಅಮೆರಿಕದ ಡೆಟ್ರಾಯಿಟ್ ನಗರದ ಹಾಡುಗಾರ ಸಿಕ್ಸ್ಟೊ ರಾಡ್ರಿಗಸ್ ತೀರಿಕೊಂಡರು. 81 ವರ್ಷವಾಗಿತ್ತು. ಸುದ್ದಿ ನಮ್ಮ ಬ್ಲಾಗಿನ ವಾಟ್ಸ್ಯಾಪ್ ಗುಂಪಿಗೆ ಬಿದ್ದು ಅರ್ಧ ಗಂಟೆ ಆಗಿರಲಿಲ್ಲ, ನಮ್ಮಲ್ಲೊಬ್ಬರು ನಾಲ್ಕು ಪ್ಯಾರಾ ಬರೆದು ಕಳಿಸಿಯೇಬಿಟ್ಟರು. ತಲೆಬರಹ ‘ಕಳಚಿಬಿದ್ದ ಎಲೆಮರೆಯ ಕಾಯಿ’. ಬರಹ ಓದಿಸಿಕೊಂಡು ಹೋಗುತ್ತಿತ್ತು. ಬಡವ, ಪ್ರತಿಭಾವಂತ, ಲೋಕ ಮರೆತಿತ್ತು, ಯಾರೋ ಪುಣ್ಯಾತ್ಮರು ಹುಡುಕಿ ತೆಗೆದರು, ಅವರ ಮೇಲಿನ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು, ಆತ ಮಾತ್ರ ಕೊನೆಯವರೆಗೂ ಸರಳಜೀವಿ. ಶುಭಂ.

ಅದನ್ನು ನಾವು ಹಾಕಲಿಲ್ಲ. ಹಾಕದೇ ಇದ್ದದ್ದಕ್ಕೆ ಗುಂಪಿನಲ್ಲಿ ಎರಡು ದಿನ ಜಗಳ ನಡೆಯಿತು. ‘ಸತ್ತವರ ಬಗ್ಗೆ ನಾಲ್ಕು ಒಳ್ಳೆ ಮಾತು ಬರೆಯೋದರಲ್ಲಿ ನಿಮ್ಮ ಗಂಟೇನು ಹೋಯ್ತು?’ ಎಂದು ಬರೆದವರು ಕೇಳಿದರು. ನಮ್ಮ ಗಂಟು ಹೋಗಿಲ್ಲ, ನಿಜ. ಹೋದದ್ದು ರಾಡ್ರಿಗಸ್ ಗಂಟು. ಅದು ಎಲ್ಲಿಗೆ ಹೋಯಿತು ಎಂಬ ಮಾತು ಆ ನಾಲ್ಕು ಪ್ಯಾರಾದಲ್ಲಿ ಒಂದು ಸಾಲೂ ಇರಲಿಲ್ಲ. ಈ ಬರಹ ಆ ಜಗಳದಿಂದ ಹುಟ್ಟಿದ್ದು. ನಮ್ಮ ಗೆಳೆಯರ ಒಪ್ಪಿಗೆ ಪಡೆದೇ ಅವರನ್ನು ಇಲ್ಲಿ ಬೈಯುತ್ತಿದ್ದೇವೆ. ಬೈಗುಳದಲ್ಲಿ ನಮ್ಮ ಪಾಲೂ ಇದೆ ಎಂಬುದು ಮುಂದೆ ಗೊತ್ತಾಗುತ್ತದೆ.

ಮೊದಲು, ಇವರು ಯಾರೆಂದು ತಿಳಿಯದವರಿಗಾಗಿ. ಮೆಕ್ಸಿಕೊದಿಂದ ಕಾರ್ಖಾನೆ ಕೆಲಸ ಹುಡುಕಿಕೊಂಡು ಡೆಟ್ರಾಯಿಟ್‌ಗೆ ಬಂದ ಕುಟುಂಬದ ಮಗ. ಆರನೆಯವನು, ಅದಕ್ಕೇ ಸಿಕ್ಸ್ಟೊ. ಹುಟ್ಟಿದ್ದು 1942ರಲ್ಲಿ. ಗಿಟಾರ್ ಹಿಡಿದು ಊರಿನ ಬಾರುಗಳಲ್ಲಿ ಹಾಡುತ್ತಿದ್ದರು. ನದಿ ದಂಡೆಯ ಬಾರೊಂದರಲ್ಲಿ ಕೇಳುಗರಿಗೆ ಬೆನ್ನು ತಿರುಗಿಸಿ ಹಾಡುತ್ತಿದ್ದ ಇವರನ್ನು ಡೆನಿಸ್ ಕಾಫಿ ಮತ್ತು ಮೈಕ್ ಥಿಯೊಡರ್ ಎಂಬ ಇಬ್ಬರು ನಿರ್ಮಾಪಕರು ಕಂಡರು. 1970ರಲ್ಲಿ ‘ಕೋಲ್ಡ್ ಫ್ಯಾಕ್ಟ್’ ಎಂಬ ಆಲ್ಬಮ್ ಬಂತು, ಕ್ಲಾರೆನ್ಸ್ ಏವಾಂಟ್ ಅವರ ಸಸೆಕ್ಸ್ ರೆಕಾರ್ಡ್ಸ್ ಕಂಪನಿಯಿಂದ. ಮರುವರ್ಷ ‘ಕಮಿಂಗ್ ಫ್ರಮ್ ರಿಯಾಲಿಟಿ’, ಇದು ಲಂಡನ್ನಿನಲ್ಲಿ ಸ್ಟೀವ್ ರೋಲಂಡ್ ನಿರ್ಮಾಣದಲ್ಲಿ ಆದದ್ದು. ಅಮೆರಿಕದಲ್ಲಿ ಎರಡೂ ಓಡಲಿಲ್ಲ. ಕಂಪನಿ ಕೈಬಿಟ್ಟಿತು. ಸಸೆಕ್ಸ್ ಕೂಡ 1975ರಲ್ಲಿ ಬಾಗಿಲು ಹಾಕಿತು.

ಇವರ ಹಾಡಿಗೆ ‘ಸೈಕೆಡೆಲಿಕ್ ಫೋಕ್’ ಎಂದು ಹೆಸರು. ಅಲ್ಲಿಯ ‘ಫೋಕ್’ ನಮ್ಮ ಜಾನಪದದಂತೆ ಊರು ಕಟ್ಟಿದ ಹಾಡಲ್ಲ. ಒಬ್ಬ ಮನುಷ್ಯ, ಒಂದು ಗಿಟಾರ್, ತಾನೇ ಬರೆದ ಪದ, ಅಷ್ಟೇ. ಅದರ ಮೇಲೆ 60ರ ದಶಕದ ಕೊನೆಯ ಮತ್ತಿನ ನಾದ ಬಂದು ಕೂತಿದೆ. ‘ಶುಗರ್ ಮ್ಯಾನ್’ ಕೇಳಿದರೆ ಗೊತ್ತಾಗುತ್ತದೆ. ಗಾಂಜಾ, ಕೊಕೇನು ಮಾರುವವನನ್ನು ಕರೆಯುವ ಹಾಡದು. ಗಿಟಾರ್ ಮೆಲ್ಲಗೆ ನಡೆಯುತ್ತಿದ್ದರೆ ಸುತ್ತಲೂ ತುತ್ತೂರಿ, ತಂತಿವಾದ್ಯ, ಎಲೆಕ್ಟ್ರಾನಿಕ್ ಸದ್ದುಗಳು ಹೊಗೆಯ ಹಾಗೆ ಏಳುತ್ತವೆ. ಧ್ವನಿಯಲ್ಲಿ ಮಾತ್ರ ಹೊಗೆ ಇಲ್ಲ. ರಸ್ತೆಯಲ್ಲಿ ನಿಂತು ಮನೆ ನಂಬರು ಹೇಳುವವನ ಧ್ವನಿ. ಬಾಬ್ ಡಿಲನ್ ಜೊತೆ ಹೋಲಿಸುವುದು ರೂಢಿಯಾಗಿದೆ. ನಮಗೆ ಅದು ಅಷ್ಟು ಸರಿ ಅನ್ನಿಸುವುದಿಲ್ಲ. ಡಿಲನ್ ಒಗಟು ಹೇಳುತ್ತಾರೆ. ಇವರು ಬಾಡಿಗೆ, ಕೆಲಸ, ಪೊಲೀಸು, ಮೇಯರು ಎಂದು ಊರಿನ ವರದಿ ಒಪ್ಪಿಸುತ್ತಾರೆ. ಒಳ್ಳೆಯ ಸ್ಟ್ರಿಂಗರ್ ಆಗಬಹುದಿತ್ತು!

ಆಮೇಲಿನ ಕಥೆ ನಿಮಗೆ ಗೊತ್ತಿರಬಹುದು. ಈ ಆಲ್ಬಮ್ ಹೇಗೋ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ಅಲ್ಲಿ ವರ್ಣಭೇದದ ಸರ್ಕಾರ. ಬಿಳಿಯರ ಮಕ್ಕಳು, ಕಡ್ಡಾಯ ಸೇನಾ ಸೇವೆಗೆ ಹೋದ ಹುಡುಗರು, ಇದನ್ನು ಹುಚ್ಚು ಹಿಡಿದವರ ಹಾಗೆ ಕೇಳಿದರು. ಕಂಪನಿಗಳು ಪ್ರತಿಯ ಮೇಲೆ ಪ್ರತಿ ಅಚ್ಚು ಹಾಕಿದವು. ಹಾಡಿದವನ ಬಗ್ಗೆ ಏನೂ ಗೊತ್ತಿಲ್ಲದ್ದರಿಂದ ಕಥೆಗಳು ಹುಟ್ಟಿದವು. ವೇದಿಕೆಯ ಮೇಲೆ ಗುಂಡು ಹಾರಿಸಿಕೊಂಡು ಸತ್ತನಂತೆ, ಬೆಂಕಿ ಹಚ್ಚಿಕೊಂಡನಂತೆ. 90ರ ದಶಕದಲ್ಲಿ ಸ್ಟೀಫನ್ ಸೆಗರ್ಮನ್, ಕ್ರೇಗ್ ಬಾರ್ತೊಲೊಮ್ಯೂ ಸ್ಟ್ರೈಡಮ್ ಎಂಬಿಬ್ಬರು ಹುಡುಕಲು ಹೊರಟರು. ಸತ್ತವರು ಡೆಟ್ರಾಯಿಟ್‌ನಲ್ಲಿ ಹಳೆ ಮನೆ ಕೆಡವುವ ಕೂಲಿ ಮಾಡಿಕೊಂಡು ಬದುಕಿದ್ದರು! 1998ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಸಾವಿರಾರು ಜನರ ಮುಂದೆ ಹಾಡಿದರು. 2012ರಲ್ಲಿ ಸ್ವೀಡನ್ನಿನ ಮಲಿಕ್ ಬೆಂಜೆಲುಲ್ ಇದನ್ನೆಲ್ಲ ‘ಸರ್ಚಿಂಗ್ ಫಾರ್ ಶುಗರ್ ಮ್ಯಾನ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. 2013ರಲ್ಲಿ ಆಸ್ಕರ್.

ಆ ಚಿತ್ರವನ್ನು ನಾವೆಲ್ಲ ಕಾಲೇಜಿನ ಹಾಸ್ಟೆಲಿನಲ್ಲಿ ಒಂದೇ ಲ್ಯಾಪ್‌ಟಾಪಿನ ಮುಂದೆ ಕೂತು ನೋಡಿದವರು. ಅತ್ತವರೂ ಇದ್ದಾರೆ. ದುಡ್ಡು ಮುಗಿದ ಮೇಲೆ ನಿರ್ದೇಶಕರು ಕೆಲವು ದೃಶ್ಯಗಳನ್ನು ಮೊಬೈಲ್ ಫೋನಿನಲ್ಲೇ ತೆಗೆದರು ಎಂದು ಕೇಳಿ, ಬಾಡಿಗೆ ಕ್ಯಾಮೆರಾಕ್ಕೂ ಗತಿಯಿಲ್ಲದ ನಮಗೆ ಎಷ್ಟು ಧೈರ್ಯ ಬಂದಿತ್ತು! ಅವರೂ 2014ರಲ್ಲಿ, ನಲವತ್ತೂ ತುಂಬದೆ, ತೀರಿಕೊಂಡರು. ಅವರ ಬಗ್ಗೆ ನಮಗೆ ಹಗೆಯಿಲ್ಲ. ಚಿತ್ರದ ಬಗ್ಗೆ ತಕರಾರಿದೆ. ಅದಕ್ಕಿಂತ ದೊಡ್ಡ ತಕರಾರು ಆ ಚಿತ್ರ ನೋಡಿ ನಾವೆಲ್ಲ ಕಲಿತ ಬರವಣಿಗೆಯ ಬಗ್ಗೆ.

‘ಲೋಕ ಮರೆತಿತ್ತು’ ಎಂಬ ಮಾತನ್ನೇ ತೆಗೆದುಕೊಳ್ಳಿ. ಯಾವ ಲೋಕ? 70ರ ದಶಕದ ನಡುವಿನಲ್ಲೇ ಆಸ್ಟ್ರೇಲಿಯಾದ ಬ್ಲೂ ಗೂಸ್ ಮ್ಯೂಸಿಕ್ ಎಂಬ ಕಂಪನಿ ಇವರ ಹಾಡುಗಳ ಹಕ್ಕು ಕೊಂಡು ಅಲ್ಲಿ ಮಾರಿತು. 1979ರಲ್ಲಿ ರಾಡ್ರಿಗಸ್ ಆಸ್ಟ್ರೇಲಿಯಾ ಪ್ರವಾಸ ಮಾಡಿದರು. 1981ರಲ್ಲಿ ಮತ್ತೆ ಹೋದರು, ಆಗ ಜೊತೆಗಿದ್ದದ್ದು ಮಿಡ್‌ನೈಟ್ ಆಯಿಲ್ ತಂಡ. ಮೊದಲ ಪ್ರವಾಸದ ಹಾಡುಗಳು ಆಲ್ಬಮ್ ಆಗಿ ಬಂದವು, ಅದರ ಹೆಸರೇ ‘ಅಲೈವ್’, ಅಂದರೆ ಬದುಕಿದ್ದೇನೆ ಎಂದು! ಆಸ್ಕರ್ ಬಂದ ಚಿತ್ರದಲ್ಲಿ ಈ ಆಸ್ಟ್ರೇಲಿಯಾ ಇಲ್ಲವೇ ಇಲ್ಲ. ಎರಡು ಆಲ್ಬಮ್ ಆದ ಮೇಲೆ ಮನುಷ್ಯ ಕತ್ತಲಿಗೆ ಹೋದ, 1998ರಲ್ಲಿ ನೇರ ಬೆಳಕಿಗೆ ಬಂದ ಎಂದು ತೋರಿಸಲು ಒಂದು ಇಡೀ ಖಂಡವನ್ನು ಕತ್ತರಿಸಬೇಕಾಯಿತು. ಟೀಕೆ ಬಂತು, ಆದರೆ ಅಷ್ಟರಲ್ಲಿ ಪ್ರಶಸ್ತಿಯೂ ಬಂದಿತ್ತು.

2001ರಲ್ಲಿ ನಾಸ್ ಎಂಬ ದೊಡ್ಡ ರ‍್ಯಾಪ್ ಹಾಡುಗಾರ ‘ಶುಗರ್ ಮ್ಯಾನ್’ ತುಣುಕನ್ನು ತನ್ನ ಹಾಡಿಗೆ ಬಳಸಿದರು. 2002ರಲ್ಲಿ ಡೇವಿಡ್ ಹೋಮ್ಸ್ ಎಂಬ ಡಿಜೆ ಅದೇ ಹಾಡನ್ನು ತನ್ನ ಸಂಕಲನದಲ್ಲಿ ಹಾಕಿದರು. 2008, 2009ರಲ್ಲಿ ಲೈಟ್ ಇನ್ ದಿ ಆಟಿಕ್ ಎಂಬ ಅಮೆರಿಕದ ಕಂಪನಿ ಎರಡೂ ಆಲ್ಬಮ್‌ಗಳನ್ನು ಮರುಬಿಡುಗಡೆ ಮಾಡಿತು. ಇಷ್ಟೂ ಆ ಚಿತ್ರಕ್ಕೆ ಮೊದಲಿನ ಮಾತು. ಮಾರುವವರು, ಕೊಳ್ಳುವವರು, ತುಣುಕು ಕತ್ತರಿಸುವವರು ಯಾರೂ ಈ ಹಾಡುಗಳನ್ನು ಮರೆತಿರಲಿಲ್ಲ. ಮರೆತದ್ದು ಹಾಡಿದವನ ವಿಳಾಸವನ್ನು. ಆ ವಿಳಾಸವಾದರೂ ಗುಟ್ಟಿನದಲ್ಲ. 1976ರಲ್ಲಿ ಸರ್ಕಾರಿ ಹರಾಜಿನಲ್ಲಿ 50 ಡಾಲರಿಗೆ ಕೊಂಡ ಪಾಳು ಮನೆ, ಬದುಕಿನ ಬಹುಭಾಗ ಅಲ್ಲೇ ಇದ್ದರು. 1981ರಲ್ಲಿ ಅದೇ ಊರಿನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಿಂದ ತತ್ವಶಾಸ್ತ್ರದ ಪದವಿ ಪಡೆದರು. 1989ರಲ್ಲಿ ನಗರ ಪರಿಷತ್ತಿನ ಚುನಾವಣೆಗೆ ನಿಂತರು. ಚುನಾವಣೆಗೆ ನಿಂತವನನ್ನು ‘ಕಣ್ಮರೆಯಾದ’ ಎನ್ನುವುದು ಹೇಗೆ? ಮತಪತ್ರದಲ್ಲಿ ಹೆಸರಿದ್ದ ಮನುಷ್ಯನಿಗೆ ಒಂದು ಕಾಗದ ಬರೆದು ‘ನಿಮ್ಮ ಹಾಡು ಇಷ್ಟು ಮಾರಾಟವಾಗಿದೆ, ನಿಮ್ಮ ಪಾಲು ಇಷ್ಟು’ ಎಂದು ತಿಳಿಸಲು ಪತ್ತೇದಾರರು ಬೇಕಿರಲಿಲ್ಲ. ಅಂಚೆ ಚೀಟಿ ಸಾಕಿತ್ತು.

ಈಗ ದುಡ್ಡಿನ ಮಾತಿಗೆ ಬರೋಣ. ದಕ್ಷಿಣ ಆಫ್ರಿಕಾದಲ್ಲಿ ಎಷ್ಟು ಮಾರಾಟವಾಯಿತು? ಚಿತ್ರದಲ್ಲಿ ಮಾತಾಡುವವರು ಅರ್ಧ ಮಿಲಿಯನ್, ಅಂದರೆ 5 ಲಕ್ಷ ಪ್ರತಿಯ ಅಂದಾಜು ಕೊಡುತ್ತಾರೆ. ಅದು ಅವರ ಅಂದಾಜು, ಲೆಕ್ಕಪುಸ್ತಕ ಯಾರೂ ತೋರಿಸಿಲ್ಲ. ಲೆಕ್ಕ ತೋರಿಸಬೇಕಾದವರನ್ನು ಬಿಟ್ಟು ಉಳಿದವರೆಲ್ಲ ಅಂದಾಜು ಮಾಡುವ ಸ್ಥಿತಿಯೇ ಇಲ್ಲಿಯ ಅಸಲು ಸುದ್ದಿ. ಅಲ್ಲಿಯ ಕಂಪನಿಯವರು ‘ನಾವು ಗೌರವಧನವನ್ನು ಅಮೆರಿಕಕ್ಕೆ ಕಳಿಸಿದ್ದೇವೆ’ ಎನ್ನುತ್ತಾರೆ. ಬೆಂಜೆಲುಲ್ ಅಮೆರಿಕಕ್ಕೆ ಹೋಗಿ ಕ್ಲಾರೆನ್ಸ್ ಏವಾಂಟ್ ಅವರ ಎದುರು ಕೂತು ಕೇಳುತ್ತಾರೆ. ಮೊದಲು ರಾಡ್ರಿಗಸ್ ಬಗ್ಗೆ ಪ್ರೀತಿಯಿಂದ ಮಾತಾಡುವ ಏವಾಂಟ್, ದುಡ್ಡಿನ ಪ್ರಶ್ನೆ ಬಂದ ಕೂಡಲೇ ಸಿಡುಕುತ್ತಾರೆ. ಆ ಕಾಲದ ಒಪ್ಪಂದದ ಚಿಂತೆ ಈಗ ಯಾಕೆ ಎಂಬ ಧಾಟಿ. ಇಡೀ ಚಿತ್ರದಲ್ಲಿ ಪತ್ರಿಕೋದ್ಯಮ ಎನ್ನಬಹುದಾದದ್ದು ಆ ಕೆಲವು ನಿಮಿಷ ಮಾತ್ರ. ಸರಿ, ಮುಂದೇನು ಎಂದು ನಾವು ಕಾಯುತ್ತೇವೆ. ಮುಂದೆ ಹಿಮ ಬೀಳುತ್ತದೆ, ಗಿಟಾರ್ ಹೆಗಲಿಗೆ ಹಾಕಿಕೊಂಡು ರಾಡ್ರಿಗಸ್ ನಡೆಯುತ್ತಾರೆ, ಹಾಡು ಏರುತ್ತದೆ. ಪ್ರಶ್ನೆ ಹಿಮದಡಿ ಹೋಯಿತು.

ಆ ಹಳೆಯ ರೆಕಾರ್ಡಿನ ಲೇಬಲ್ ನೋಡಿದರೆ ಇನ್ನೊಂದು ವಿಷಯ ಸಿಗುತ್ತದೆ. ಹಾಡು ಬರೆದವರ ಜಾಗದಲ್ಲಿ ಸಿಕ್ಸ್ಟೊ ರಾಡ್ರಿಗಸ್ ಎಂದಿಲ್ಲ. ‘ಜೀಸಸ್ ರಾಡ್ರಿಗಸ್’ ಎಂದಿದೆ, ‘ಸಿಕ್ಸ್ತ್ ಪ್ರಿನ್ಸ್’ ಎಂದಿದೆ. ಹುಡುಕಲು ಹೊರಟವರು ದಾರಿ ತಪ್ಪಿದ್ದರಲ್ಲಿ ಇದರ ಪಾಲೂ ಇದೆ. ಹೆಸರು ಯಾಕೆ ಹೀಗಾಯಿತು? ಚಿತ್ರ ಬಂದು ಹಾಡುಗಳಿಗೆ ಮತ್ತೆ ಬೆಲೆ ಬಂದ ಮೇಲೆ, 2014ರಲ್ಲಿ, ಗೋಂಬಾ ಮ್ಯೂಸಿಕ್ ಎಂಬ ಹಳೆಯ ಸಂಸ್ಥೆ ಡೆಟ್ರಾಯಿಟ್‌ನ ಫೆಡರಲ್ ಕೋರ್ಟಿನಲ್ಲಿ ಏವಾಂಟ್ ವಿರುದ್ಧ ದಾವೆ ಹೂಡಿತು. ಅದರ ವಾದ ಇಷ್ಟು: ರಾಡ್ರಿಗಸ್ 1966ರಲ್ಲೇ ನಮ್ಮ ಜೊತೆ ಒಪ್ಪಂದ ಮಾಡಿಕೊಂಡಿದ್ದರು, ಹಾಡುಗಳ ಹಕ್ಕು ನಮ್ಮದು, ಅದನ್ನು ಮರೆಮಾಚಲೆಂದೇ ಬೇರೆ ಹೆಸರು ಹಾಕಲಾಯಿತು. ಏವಾಂಟ್ ಕಡೆಯವರು ಒಪ್ಪಲಿಲ್ಲ. ಯಾರ ವಾದ ಸರಿ ಎಂದು ಹೇಳಲು ನಾವು ವಕೀಲರಲ್ಲ. ಆದರೆ ಗಮನಿಸಿ, ಈ ವ್ಯಾಜ್ಯದಲ್ಲಿ ‘ಹಾಡು ನಮ್ಮದು’ ಎಂದು ದಾವೆ ಹೂಡಿದ್ದು ಒಂದು ಕಂಪನಿ, ‘ನಿಮ್ಮದಲ್ಲ’ ಎಂದದ್ದು ಇನ್ನೊಬ್ಬ ಕಂಪನಿ ಯಜಮಾನ. ಬರೆದವರು ಹಾಡು ಹುಟ್ಟಿದ ಅದೇ ಊರಿನಲ್ಲಿ, 70 ದಾಟಿದ ವಯಸ್ಸಿನಲ್ಲಿ, ಕಣ್ಣು ಮಂಜಾಗಿ ಕೂತಿದ್ದರು. ಹೊಲ ಉತ್ತವನನ್ನು ಬದುವಿನ ಮೇಲೆ ಕೂರಿಸಿ ಇಬ್ಬರು ಸಾಹುಕಾರರು ಪಹಣಿಗಾಗಿ ಕಿತ್ತಾಡುವುದನ್ನು ನಾವು ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಕಂಡಿಲ್ಲವೇ?

ಏವಾಂಟ್ ಬರೀ ಖಳನಾಯಕ ಎಂದು ನಾವು ಹೇಳುತ್ತಿಲ್ಲ. ಅವರು ಕಪ್ಪು ಜನಾಂಗದವರು. ಕಪ್ಪು ಕಲಾವಿದರಿಗೆ ಬಾಗಿಲೇ ತೆರೆಯದಿದ್ದ ಉದ್ಯಮದಲ್ಲಿ ಎಷ್ಟೋ ಜನರಿಗೆ ದಾರಿ ಮಾಡಿಕೊಟ್ಟವರು. ಬಿಲ್ ವಿದರ್ಸ್ ಎಂಬ ಮಹಾನ್ ಹಾಡುಗಾರನ ಮೊದಲ ಆಲ್ಬಮ್ ತಂದದ್ದು ಇದೇ ಸಸೆಕ್ಸ್. ರಾಡ್ರಿಗಸ್ ಸತ್ತು ಐದು ದಿನಕ್ಕೆ, ಆಗಸ್ಟ್ 13ರಂದು, 92ನೇ ವಯಸ್ಸಿನಲ್ಲಿ ಏವಾಂಟ್ ಕೂಡ ತೀರಿಕೊಂಡರು. ಇಬ್ಬರ ಬಗ್ಗೆಯೂ ಅಮೆರಿಕದ ಪತ್ರಿಕೆಗಳು ಉದ್ದುದ್ದ ಬರೆದವು. ಲೆಕ್ಕ ಗೊತ್ತಿದ್ದಿರಬಹುದಾದವರು, ಲೆಕ್ಕ ಸಿಗಬೇಕಾದವರು, ಒಂದೇ ವಾರದಲ್ಲಿ ಹೋದರು.

ಇನ್ನು ‘ಸರಳಜೀವಿ’ ಎಂಬ ಮಾತು. ನಮಗೆ ಎಲ್ಲಕ್ಕಿಂತ ಸಿಟ್ಟು ತರಿಸುವುದು ಇದೇ. ರಾಡ್ರಿಗಸ್ ಕೈಗೆ ದುಡ್ಡು ಬಂದರೂ ಮನೆ ಬದಲಿಸಲಿಲ್ಲ, ಬಂದದ್ದರಲ್ಲಿ ಬಹಳಷ್ಟನ್ನು ಮನೆಯವರಿಗೆ, ಗೆಳೆಯರಿಗೆ ಹಂಚಿದರು ಎಂದು ಚಿತ್ರ ಹೇಳುತ್ತದೆ. ಆಸ್ಕರ್ ಸಮಾರಂಭಕ್ಕೂ ಅವರು ಹೋಗಲಿಲ್ಲ. ದೊಡ್ಡ ಮನುಷ್ಯರೇ, ಅನುಮಾನವಿಲ್ಲ. ಆದರೆ ದುಡ್ಡು ಬಂದ ಮೇಲೆ ಹಂಚಿದ್ದು ಅವರ ಸ್ವಭಾವ. ಇಪ್ಪತ್ತೈದು ವರ್ಷ ದುಡ್ಡೇ ಬಾರದೇ ಇದ್ದದ್ದು ಬೇರೆ ಯಾರದ್ದೋ ಕೆಲಸ. ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿ, ‘ಅವರಿಗೆ ಹಣದ ಆಸೆಯೇ ಇರಲಿಲ್ಲ’ ಎಂದು ಬರೆದುಬಿಟ್ಟರೆ ಕಂಪನಿಯ ಸಾಲ ತೀರಿದಂತಾಯಿತು. ಮೂರು ಹೆಣ್ಣುಮಕ್ಕಳ ತಂದೆ ಆತ. ಪಾಳು ಮನೆಗಳ ಕಸ ಹೊತ್ತು ಹೊತ್ತು ಸಾಕಿದವರು. ಆ ವರ್ಷಗಳಲ್ಲಿ ಅವರಿಗೆ ದುಡ್ಡು ಬೇಡವಾಗಿತ್ತು ಎಂದು ತೀರ್ಮಾನಿಸಲು ನಾವು ಯಾರು?

ನಾವು ಯಾರು ಎಂಬುದನ್ನೂ ಹೇಳಿಬಿಡುತ್ತೇವೆ. ಮೂರು ವರ್ಷದ ಹಿಂದೆ ನಮ್ಮಲ್ಲಿ ಇಬ್ಬರು ವಿಜಯಪುರ ಜಿಲ್ಲೆಯ ಒಂದು ಹಳ್ಳಿಗೆ ಹೋಗಿ ತತ್ವಪದ ಹಾಡುವ ಒಬ್ಬ ಹಿರಿಯರನ್ನು ಮಾತಾಡಿಸಿ ಬಂದರು. ಇದೇ ಬ್ಲಾಗಿನಲ್ಲಿ ಅದು ಬಂದಿದೆ, ಓದಿದವರು ನೆನಪಿಸಿಕೊಳ್ಳಬಹುದು. ಏಕತಾರಿ ಹಿಡಿದ ಫೋಟೊ, ಹಿಂದೆ ಮಣ್ಣಿನ ಗೋಡೆ, ತಲೆಬರಹದಲ್ಲಿ ಎಲೆಮರೆಯ ಕಾಯಿ. ನಾವೂ ಅದನ್ನೇ ಬರೆದವರು! ಮಾಸಾಶನಕ್ಕೆ ಅರ್ಜಿ ಹಾಕಿ ಅಲೆಯುತ್ತಿದ್ದಾರೆ ಎಂದು ಬರೆದೆವು, ಸರ್ಕಾರ ಕಣ್ಣು ತೆರೆಯಲಿ ಎಂದು ಮುಗಿಸಿದೆವು. ಬರಹವನ್ನು ಎಷ್ಟೋ ಜನ ಹಂಚಿಕೊಂಡರು. ಅಜ್ಜನವರ ಮನೆಯ ಗೂಡಿನಲ್ಲಿ ಒಂದು ಕ್ಯಾಸೆಟ್ ಇತ್ತು. ಅವರದೇ ಧ್ವನಿ, ಕವರಿನ ಮೇಲೆ ಅವರದೇ ಮುಖ. ನಾವು ಆ ಕ್ಯಾಸೆಟ್ಟಿನ ಫೋಟೊ ತೆಗೆದುಕೊಂಡೆವು, ‘ಚಂದ ಐತ್ರೀ ಅಜ್ಜಾರ’ ಎಂದೆವು, ಚಹಾ ಕುಡಿದು ಬಂದೆವು. ಎಷ್ಟು ಮಾರಾಟವಾಯಿತು, ನಿಮಗೆಷ್ಟು ಬಂತು ಎಂದು ಕೇಳಲಿಲ್ಲ. ಕೇಳುವುದು ಒಂಥರಾ ಮುಜುಗರ ಅನ್ನಿಸಿತು. ಸಂತರ ಪದ ಹಾಡುವವರ ಎದುರು ರೊಕ್ಕದ ಮಾತೇ ಎಂದು.

ನಮ್ಮ ಈ ಮುಜುಗರದಿಂದ ಯಾರಿಗೆ ಲಾಭ ಎಂದು ಆಗ ಹೊಳೆಯಲಿಲ್ಲ. ನಮ್ಮಲ್ಲಿ ಅರ್ಧ ಜನ ಜಿಲ್ಲಾ ಪುಟಗಳಿಗೆ ಸ್ಟ್ರಿಂಗರ್ ಆಗಿ ದುಡಿದವರು. ಬೈಲೈನ್ ಕೊಟ್ಟು ಸಂಭಾವನೆ ಮರೆಯುವ ಪತ್ರಿಕೆಗಳ ಬಗ್ಗೆ ರಾತ್ರಿಯೆಲ್ಲ ಹೊಟ್ಟೆ ಉರಿದುಕೊಳ್ಳುತ್ತೇವೆ. ಹಾಡುವವರ ವಿಷಯಕ್ಕೆ ಬಂದರೆ ಮಾತ್ರ ನಮಗೆ ಭಕ್ತಿ ಉಕ್ಕುತ್ತದೆ.

ದಕ್ಷಿಣ ಆಫ್ರಿಕಾದ ವಿಷಯ ಇನ್ನೂ ಬಾಕಿ ಇದೆ. ರಾಡ್ರಿಗಸ್ ಹಾಡು ವರ್ಣಭೇದದ ವಿರುದ್ಧ ಹೋರಾಟಕ್ಕೆ ದನಿಯಾಯಿತು ಎಂದು ನಮ್ಮ ಗೆಳೆಯರು ಬರೆದಿದ್ದರು. ಚಿತ್ರ ನೋಡಿದವರಿಗೆ ಹಾಗೇ ಅನ್ನಿಸುತ್ತದೆ. ಬಿಳಿಯರ ಮನೆಯ ಕೆಲವು ಹುಡುಗರಿಗೆ ತಮ್ಮ ಸರ್ಕಾರವನ್ನು ಪ್ರಶ್ನಿಸುವ ಧೈರ್ಯ ಬಂತು ಎಂಬುದನ್ನು ಒಪ್ಪೋಣ. ಸರ್ಕಾರದ ರೇಡಿಯೊದವರು ‘ಶುಗರ್ ಮ್ಯಾನ್’ ಪ್ರಸಾರವಾಗದಂತೆ ರೆಕಾರ್ಡನ್ನೇ ಗೀಚಿಟ್ಟಿದ್ದೂ ಉಂಟು. ಆದರೆ ಅದೇ ದೇಶದ ಮಿರಿಯಮ್ ಮಕೇಬಾ ಅವರ ಪಾಸ್‌ಪೋರ್ಟನ್ನು 1960ರಲ್ಲೇ ರದ್ದು ಮಾಡಿ, ಮೂವತ್ತು ವರ್ಷ ಊರಿಗೆ ಕಾಲಿಡದಂತೆ ಮಾಡಿದ್ದರು. ಹ್ಯೂ ಮಸೆಕೆಲಾ ದೇಶ ಬಿಟ್ಟಿದ್ದರು. ಹೋರಾಟದ ದನಿ ಯಾರದೆಂದು ಕಪ್ಪು ಜನರ ಬಸ್ತಿಯಲ್ಲಿ ಕೇಳಿದ್ದರೆ ಬೇರೆ ಹೆಸರುಗಳು ಬರುತ್ತಿದ್ದವು. ಚಿತ್ರದಲ್ಲಿ ಆ ಬಸ್ತಿಯ ಕೇಳುಗರು ಕಾಣುವುದೇ ಇಲ್ಲ ಅನ್ನಬೇಕು.

ಆ ಬಸ್ತಿಯಲ್ಲೇ ಇನ್ನೊಬ್ಬರಿದ್ದರು, ಸಾಲೊಮನ್ ಲಿಂಡಾ. ಜುಲು ಹಾಡುಗಾರ, ಜೊಹಾನ್ಸ್‌ಬರ್ಗಿನ ಗ್ಯಾಲೊ ಕಂಪನಿಯಲ್ಲಿ ರೆಕಾರ್ಡುಗಳನ್ನು ಡಬ್ಬಿಗೆ ತುಂಬುವ ಕೆಲಸ. 1939ರಲ್ಲಿ ಅದೇ ಕಂಪನಿಗೆ ‘ಂಬುಬೆ’, ಅಂದರೆ ಸಿಂಹ, ಎಂಬ ಹಾಡು ಹಾಡಿದರು. ಸಿಕ್ಕಿದ್ದು 10 ಶಿಲ್ಲಿಂಗ್ ಎನ್ನುತ್ತಾರೆ. ಅದು ಅಮೆರಿಕಕ್ಕೆ ಹೋಗಿ 50ರ ದಶಕದಲ್ಲಿ ವೀವರ್ಸ್ ತಂಡದ ‘ವಿಮೊವೆ’ ಆಯಿತು. ರೆಕಾರ್ಡಿನ ಮೇಲೆ ಬರೆದವರ ಹೆಸರು ಪಾಲ್ ಕ್ಯಾಂಪ್‌ಬೆಲ್. ಆ ಹೆಸರಿನ ಮನುಷ್ಯನೇ ಇಲ್ಲ! ವಾರಸುದಾರರಿಲ್ಲದ ಜನಪದ ಹಾಡು ಎಂದುಕೊಂಡದ್ದಕ್ಕೆಲ್ಲ ತಂಡದವರು ಹಾಕುತ್ತಿದ್ದ ಕಲ್ಪಿತ ಹೆಸರದು. 1961ರಲ್ಲಿ ಟೋಕನ್ಸ್ ತಂಡ ಅದನ್ನು ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಮಾಡಿ ಜಗತ್ತಿಗೆಲ್ಲ ಹಬ್ಬಿಸಿತು. 1962ರಲ್ಲಿ ಲಿಂಡಾ ಬಡತನದಲ್ಲೇ ತೀರಿಕೊಂಡರು. 1994ರ ‘ಲಯನ್ ಕಿಂಗ್’ ಚಿತ್ರದಲ್ಲೂ ಆ ಹಾಡು ಬಂತು.

2000ದಲ್ಲಿ ರಿಯಾನ್ ಮಲಾನ್ ಎಂಬ ದಕ್ಷಿಣ ಆಫ್ರಿಕಾದ ಪತ್ರಕರ್ತ ‘ರೋಲಿಂಗ್ ಸ್ಟೋನ್’ ಪತ್ರಿಕೆಗೆ ಲಿಂಡಾ ಬಗ್ಗೆ ಉದ್ದದ ವರದಿ ಬರೆದರು. ಪತ್ರಿಕೋದ್ಯಮ ಓದುವ ಪ್ರತಿಯೊಬ್ಬರೂ ಅದನ್ನು ಓದಬೇಕು. ಲಿಂಡಾ ಎಂಥ ಸರಳ ಮನುಷ್ಯ ಎಂದು ಕಣ್ಣೀರು ಹಾಕುವುದಕ್ಕೆ ಅವರು ನಿಲ್ಲಲಿಲ್ಲ. ಯಾವ ಕಂಪನಿ ಯಾರಿಗೆ ಏನು ಬರೆದುಕೊಟ್ಟಿತು, ಯಾವ ವರ್ಷ ಯಾರು ಸಹಿ ಮಾಡಿದರು, ವಿಧವೆಯ ಕೈಯಲ್ಲಿ ಯಾವ ಕಾಗದಕ್ಕೆ ಸಹಿ ಹಾಕಿಸಿಕೊಂಡರು, ಹಾಡು ಎಷ್ಟು ದುಡಿದಿರಬಹುದು ಎಂದು ಕಡತ ಹಿಡಿದು ಹೋದರು. ಅದರ ಬೆನ್ನಿಗೆ ಓವೆನ್ ಡೀನ್ ಎಂಬ ವಕೀಲರು 1911ರ ಬ್ರಿಟಿಷ್ ಕಾನೂನಿನಲ್ಲಿ ಒಂದು ಅಂಶ ಹಿಡಿದರು. ಬರೆದವರು ಸತ್ತು 25 ವರ್ಷವಾದ ಮೇಲೆ ಹಕ್ಕು ವಾರಸುದಾರರಿಗೆ ಮರಳಬೇಕು ಎಂದು ಅದರಲ್ಲಿತ್ತು. 2004ರಲ್ಲಿ ಡಿಸ್ನಿ ಕಂಪನಿಯನ್ನೇ ಕೋರ್ಟಿಗೆಳೆದರು. 2006ರಲ್ಲಿ ರಾಜಿಯಾಯಿತು. ಲಿಂಡಾ ಅವರ ಹೆಣ್ಣುಮಕ್ಕಳಿಗೆ ಪರಿಹಾರವೂ ಮುಂದಿನ ಪಾಲೂ ಸಿಗುವಂತಾಯಿತು. ಸಿಕ್ಕಿದ್ದು ಸಾಕೇ, ಕೈಗೆ ಪೂರ್ತಿ ತಲುಪಿತೇ ಎಂಬ ತಕರಾರು ಆಮೇಲೂ ನಡೆದಿದೆ. ಆದರೂ ಒಂದು ವರದಿ ಅಲ್ಲಿವರೆಗೆ ಹೋಯಿತಲ್ಲ! ಒಂದೇ ದೇಶ, ಹಾಡಿನ ದುಡ್ಡಿನದೇ ಕಥೆ. ಲೆಕ್ಕ ಕೇಳಿದ ಮಲಾನ್‌ಗೆ ಆಸ್ಕರ್ ಬರಲಿಲ್ಲ.

‘ಹಾಗಾದರೆ ಆ ಚಿತ್ರ ಬರದೇ ಇದ್ದಿದ್ದರೆ ಚೆನ್ನಾಗಿತ್ತಾ?’ ಎಂದು ನಮ್ಮ ಗೆಳೆಯರು ಕೇಳಿದರು. ಗಟ್ಟಿ ಪ್ರಶ್ನೆ. ಚಿತ್ರದಿಂದ ರಾಡ್ರಿಗಸ್‌ಗೆ ಒಳ್ಳೆಯದೇ ಆಯಿತು. ಕೊನೆಯ ಹತ್ತು ವರ್ಷ ದೇಶದೇಶ ಸುತ್ತಿ ಹಾಡಿದರು, ದೊಡ್ಡ ವೇದಿಕೆ ಸಿಕ್ಕಿತು, ವೇಯ್ನ್ ಸ್ಟೇಟ್ 2013ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಕಥೆಗೆ ಆ ಶಕ್ತಿ ಇದೆ, ಒಣ ಲೆಕ್ಕಪತ್ರ ಓದಿ ಯಾರೂ ಟಿಕೆಟ್ ತೆಗೆದುಕೊಳ್ಳುವುದಿಲ್ಲ. ಇಷ್ಟೂ ಒಪ್ಪಿಗೆ. ಆದರೆ 70 ವರ್ಷದ ಮನುಷ್ಯ ಮಂಜುಗಣ್ಣಿನಲ್ಲಿ ಊರೂರು ಅಲೆದು ಹಾಡಿ ಗಳಿಸಿದ್ದು ಆ ವರ್ಷಗಳ ಕೂಲಿ. 1971ರಿಂದ ಬರಬೇಕಿದ್ದ ಬಾಕಿ ಬೇರೆ. ಹೊಸ ಕೂಲಿ ಕೊಟ್ಟು ಹಳೆ ಬಾಕಿ ಚುಕ್ತಾ ಎಂದು ಬರೆಸಿಕೊಳ್ಳುವ ಗೌಡರನ್ನು ನಮ್ಮ ಅಪ್ಪಂದಿರು ಕಂಡಿದ್ದಾರೆ.

ಇನ್ನೊಬ್ಬ ಗೆಳತಿಯ ಮಾತು ಇದಕ್ಕಿಂತ ಚುಚ್ಚುವಂಥದ್ದು. ‘ಡೆಟ್ರಾಯಿಟ್ ಬಿಡಿ, ನಿಮ್ಮ ಅಜ್ಜನವರ ಕ್ಯಾಸೆಟ್ ಏನಾಯ್ತು?’ ಎಂದಳು. ಅದಕ್ಕೇ ಕಳೆದ ತಿಂಗಳು ಮತ್ತೆ ಹೋದೆವು. ಈ ಸಲ ಕೇಳಿದೆವು. ಅಜ್ಜನವರು ನಕ್ಕರು. ‘ಈಗ್ಯಾಕ ತಮ್ಮಾ ಆ ರೊಕ್ಕದ ಮಾತು’ ಎಂದರು. ಹೇಳಬೇಡವೆಂದೇನೂ ಅವರಿಗಿರಲಿಲ್ಲ, ಕೇಳಿದವರೇ ಇರಲಿಲ್ಲ ಅಷ್ಟೇ. ಒಂದು ಗಂಟೆ ಹೇಳಿದರು. ಪಟ್ಟಣದಿಂದ ಬಂದ ಕ್ಯಾಸೆಟ್ ಕಂಪನಿಯವರು ಕರೆದುಕೊಂಡು ಹೋಗಿ ಒಂದು ರಾತ್ರಿ, ಒಂದು ಹಗಲು ಹಾಡಿಸಿದರು. ಬಸ್ ಚಾರ್ಜು, ಊಟ, ಒಂದು ಧೋತರ, ಐದು ನೂರು ರೂಪಾಯಿ. ಖಾಲಿ ಕಾಗದಕ್ಕೆ ಸಹಿ. ಹಾಡಿದ್ದು ಹನ್ನೆರಡು ಪದ. ಅದರಲ್ಲಿ ಎಂಟು ಹಿರಿಯರಿಂದ ಬಂದವು. ನಾಲ್ಕು ಅವರೇ ಕಟ್ಟಿದ್ದು. ಈಗ ಆ ಹಾಡುಗಳು ಯೂಟ್ಯೂಬಿನಲ್ಲಿವೆ, ಜಾಹೀರಾತೂ ಬರುತ್ತದೆ. ಮೊಮ್ಮಗ ತೋರಿಸಿದಾಗಲೇ ಅವರಿಗೆ ಗೊತ್ತಾದದ್ದು.

ಕ್ಯಾಸೆಟ್ಟಿನ ಕವರು ಹೊರತೆಗೆಸಿ, ಮೂರು ವರ್ಷದ ಹಿಂದೆ ಬರೀ ಫೋಟೊ ತೆಗೆದದ್ದನ್ನು ಈಗ ಓದಿದೆವು. ಗಾಯನ: ಅಜ್ಜನವರ ಹೆಸರು, ಅದರಲ್ಲೂ ಒಂದು ಅಕ್ಷರ ತಪ್ಪು. ಸಾಹಿತ್ಯ: ಜಾನಪದ. ಸಂಗೀತ: ಯಾರದೋ ಸ್ಟುಡಿಯೊದವರ ಹೆಸರು. ಪಾಲ್ ಕ್ಯಾಂಪ್‌ಬೆಲ್ ನಮ್ಮಲ್ಲಿ ‘ಜಾನಪದ’ ಎಂಬ ಹೆಸರಿನಲ್ಲಿ ಓಡಾಡುತ್ತಾನೆ.

ಆದರೆ ತತ್ವಪದಕ್ಕೆ ಒಂದು ಅನುಕೂಲವಿದೆ, ರಾಡ್ರಿಗಸ್‌ಗೆ ಅದು ಇರಲಿಲ್ಲ. ಶಿಶುನಾಳ ಶರೀಫರ ಪದದ ಕೊನೆಗೆ ಶಿಶುನಾಳದ ಒಡೆಯ ಬರುತ್ತಾನಲ್ಲ, ಹಾಗೆ ಪದ ಕಟ್ಟಿದವರು ಕೊನೆಯ ನುಡಿಯಲ್ಲಿ ತಮ್ಮ ಅಂಕಿತ ಇಟ್ಟಿರುತ್ತಾರೆ. ಲೇಬಲ್ ಮೇಲೆ ಏನೇ ಬರೆಯಲಿ, ಹಾಡಿನ ಒಳಗೇ ಹೆಸರು ಕೂತಿರುತ್ತದೆ. ಅಜ್ಜನವರ ನಾಲ್ಕು ಪದಕ್ಕೂ ಅವರ ಊರಿನ ದೇವರ ಅಂಕಿತವಿದೆ. ಹಾಡಿ ತೋರಿಸಿದರು. ಅಲ್ಲೇ ಕೂತು ಯೂಟ್ಯೂಬಿನಲ್ಲಿ ಆ ನಾಲ್ಕನ್ನೂ ಹಾಕಿದೆವು. ನಾಲ್ಕರಲ್ಲೂ ಕೊನೆಯ ನುಡಿ ಇಲ್ಲ. ಮೂರನೇ ನುಡಿ ಮುಗಿಯುತ್ತಲೇ ತಾಳ ಜೋರಾಗಿ, ಹಾಡು ನಿಂತುಬಿಡುತ್ತದೆ. ‘ಟೇಪ್ ಸಾಲಂಗಿಲ್ಲ ಅಂತ ತೆಗೆದ್ರು’ ಎಂದರು ಅಜ್ಜನವರು.

2012ರಲ್ಲಿ ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿದೆ. ಧ್ವನಿಮುದ್ರಿಸಿ ದುಡ್ಡು ಮಾಡಿದರೆ ಹಾಡಿದವರಿಗೂ ಅದರಲ್ಲಿ ಪಾಲಿದೆ ಎಂದು ಅದರಲ್ಲಿದೆ. ಹಳೆಯ ಕ್ಯಾಸೆಟ್ಟಿಗೆ ಅದು ಎಷ್ಟು ಅನ್ವಯವಾಗುತ್ತದೆ ಎಂದು ಜಿಲ್ಲಾ ಕೋರ್ಟಿನ ವಕೀಲರೊಬ್ಬರನ್ನು ವಿಚಾರಿಸುತ್ತಿದ್ದೇವೆ. ಅಜ್ಜನವರ ಒಪ್ಪಿಗೆ ಪಡೆದು, ಅವರ ಹೆಬ್ಬೆಟ್ಟಲ್ಲ, ಸಹಿ ಹಾಕಿಸಿ, ಕ್ಯಾಸೆಟ್ ಕಂಪನಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಪತ್ರ ಕಳಿಸಿದ್ದೇವೆ. ಕೇಳಿದ್ದು ಮೂರು: ಎಷ್ಟು ಪ್ರತಿ ಹೋದವು, ಯೂಟ್ಯೂಬಿನಿಂದ ಎಷ್ಟು ಬರುತ್ತಿದೆ, ತೆಗೆದ ನಾಲ್ಕು ನುಡಿಗಳ ಟೇಪು ಈಗ ಎಲ್ಲಿದೆ. ಪತ್ರ ಹೋಗಿ ಹದಿನೆಂಟು ದಿನವಾಯಿತು. ಉತ್ತರ ಬಂದರೂ ಬರದಿದ್ದರೂ ಮುಂದಿನ ತಿಂಗಳು ಇಲ್ಲೇ ಹಾಕುತ್ತೇವೆ.